ನೋಡದೆ ಬಿಟ್ಟ ಅರ್ಧ

ನನ್ನ ಮೈದುನ ಇಷ್ಟು ವರ್ಷ ಹೊಟ್ಟೆ ಹೊರೆದದ್ದು ‘ಆಗೋದಿಲ್ಲ’ ಅನ್ನುವ ಒಂದು ಮಾತಿನಿಂದ. ನಗಬೇಡಿ. ಲೋಕದಲ್ಲಿ ಎಲ್ಲರೂ ಏನಾದರೊಂದು ಮಾಡಿಕೊಟ್ಟು ಸಂಬಳ ತೆಗೆದುಕೊಂಡರೆ, ಇವನು ಆಗದ ಕೆಲಸವನ್ನು ಆಗುವುದಿಲ್ಲ ಎಂದು ಸಾಧಿಸಿ ತೋರಿಸಿ ಸಂಬಳ ತೆಗೆದುಕೊಳ್ಳುತ್ತಿದ್ದ. ಅದೂ ವಿಶ್ವವಿದ್ಯಾಲಯದಲ್ಲಿ, ಬಾಗಿಲ ಮೇಲೆ ಹೆಸರಿನ ಹಲಗೆ ಹಾಕಿಸಿಕೊಂಡು. ಮನೆಯಲ್ಲಿ ನಾವು ಅವನನ್ನು ಗುಬ್ಬಿ ಎನ್ನುತ್ತೇವೆ. ನಾನು ಮದುವೆಯಾಗಿ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ, ತೋಳು ಎರಡೂ ಕಡ್ಡಿ. ಈಗ ತಲೆ ನರೆತಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ನನ್ನ ಗಂಡ ದರ್ಜಿ. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವರು ಅವರೇ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ತುಂಬ ಒಂದು ದೊಡ್ಡ ಕತ್ತರಿಸುವ ಮೇಜು. ಒಮ್ಮೆ ಗಿರಾಕಿಯೊಬ್ಬ ಸಣ್ಣ ತುಂಡು ಬಟ್ಟೆ ತಂದು ಅದರಲ್ಲೇ ಕೋಟು ಆಗಬೇಕೆಂದು ಹಟ ಹಿಡಿದ. ಗುಬ್ಬಿ ಹಳೇ ಪೇಪರಿನಲ್ಲಿ ತೋಳು, ಬೆನ್ನು, ಕಾಲರು ಎಲ್ಲ ಕತ್ತರಿಸಿಕೊಂಡು ನೆಲದ ಮೇಲೆ ಹರವಿ, ಊಟಕ್ಕೂ ಏಳದೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂತ.

“ಬರಲ್ಲ ಅಣ್ಣ. ಹೇಗೆ ಹಾಕಿದ್ರೂ ಒಂದು ತೋಳು ಹೊರಗೇ ಉಳಿಯುತ್ತೆ.”

“ಎಲ್ಲಾ ತರಾನೂ ನೋಡಿದ್ಯೇನೋ?”

“ಎಲ್ಲಾ ತರಾನೂ ನೋಡಿದೆ.”

ಗಿರಾಕಿ ಮೂತಿ ತಿರುವಿಕೊಂಡು ಬೇರೆ ದರ್ಜಿಯ ಹತ್ತಿರ ಹೋದ. ಸ್ವಲ್ಪ ದಿನಕ್ಕೆ ಅದೇ ಕೋಟು ಹಾಕಿಕೊಂಡು ನಮ್ಮ ಬೀದಿಯಲ್ಲೇ ಹೋದ. ತೋಳು ಮೊಣಕೈ ದಾಟಿರಲಿಲ್ಲ. ನಮ್ಮವರು ಮೇಜಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ಗುಬ್ಬಿ ಆಗಲ್ಲ ಅಂದರೆ ಅವರ ಪಾಲಿಗೆ ಅದು ಆಗಲ್ಲ, ಮುಗಿಯಿತು.

ಡಿಗ್ರಿ ಮುಗಿಸಿ ಎಲ್ಲರ ಹಾಗೆ ಕೆಲಸಕ್ಕೆ ಸೇರುತ್ತಾನೆ ಅಂದುಕೊಂಡರೆ, ಪಿಎಚ್‌ಡಿ ಅಂತ ಕೂತ. ಅವನ ವಿದ್ಯೆಯ ಹೆಸರು ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್. ನೆಂಟರು ಕೇಳಿದರೆ ಹೇಳಬೇಕಲ್ಲ ಎಂದು ನಾನು ಕಾಜಾ ಹೊಲಿಯುತ್ತಾ ಹೊಲಿಯುತ್ತಾ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡೆ. ಅವನು ವಿವರಿಸಿದ್ದು ಇಷ್ಟು. ಒಂದಷ್ಟು ಜನ, ಒಂದಷ್ಟು ಜಾಗ, ರಾಶಿ ಷರತ್ತು. ಇವರು ಬೆಳಿಗ್ಗೆಯೇ ಬರಬೇಕು, ಅವರಿಬ್ಬರು ಒಂದೇ ಹೊತ್ತಿಗೆ ಬರಬಾರದು, ಈ ಯಂತ್ರವನ್ನು ಮಧ್ಯಾಹ್ನ ತೊಳೆಯಬೇಕು. ಷರತ್ತುಗಳನ್ನೆಲ್ಲ ಕಂಪ್ಯೂಟರಿಗೆ ಹೇಳಿದರೆ ಅದು ಆಗದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗುತ್ತದೆ. ಕೊನೆಗೆ ಉಳಿದದ್ದೇ ಉತ್ತರ. ಏನೂ ಉಳಿಯದಿದ್ದರೆ ಉತ್ತರವೇ ಇಲ್ಲ ಎಂದು ಸಾಬೀತಾದ ಹಾಗೆ.

“ಬೇರೆಯವರ ಪ್ರೋಗ್ರಾಮು ‘ನನಗೆ ಸಿಗಲಿಲ್ಲ’ ಅನ್ನುತ್ತೆ ಅತ್ತಿಗೆ. ನಂದು ‘ಇಲ್ಲವೇ ಇಲ್ಲ’ ಅನ್ನುತ್ತೆ. ಎಷ್ಟು ವ್ಯತ್ಯಾಸ ನೋಡಿ!”

“ಎರಡರಲ್ಲೂ ಕೈಗೇನೂ ಬಂದ ಹಾಗೆ ನನಗಂತೂ ಕಾಣಲ್ಲಪ್ಪ,” ಎಂದೆ. ಅವನ ಮುಖ ಸಣ್ಣದಾಯಿತು.

ಆ ದಾರಿ ಹಿಡಿದು ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಬರೆದ ಪೇಪರುಗಳು ಹೋದ ದಾರಿಯಲ್ಲೇ ವಾಪಸ್ ಬರುತ್ತಿದ್ದವು. ಒಬ್ಬರು ಇದು ಹಳೇ ಮಾತು ಎಂದು ಬರೆದರೆ, ಇನ್ನೊಬ್ಬರು ಇದು ತೀರಾ ಹೊಸದು, ನಂಬುವುದು ಹೇಗೆ ಎಂದು ಬರೆಯುತ್ತಿದ್ದರು. ಅಷ್ಟರಲ್ಲಿ ಲೋಕವೆಲ್ಲ ತಾನೇ ಕಲಿಯುವ ಯಂತ್ರಗಳ ಹಿಂದೆ ಬಿತ್ತು, ಇವನ ವಿದ್ಯೆಯನ್ನು ಕೇಳುವವರೇ ಇಲ್ಲವಾದರು. ವರ್ಷ ವರ್ಷಕ್ಕೂ ತಾತ್ಕಾಲಿಕ ಮೇಷ್ಟ್ರು. ಇಲಾಖೆಯವರು ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ನೀರಿನ ಪಂಪು ಶುರುವಾದರೆ ಮೇಜಿನ ಮೇಲಿನ ಲೋಟ ತಾನಾಗಿ ನಡೆಯುತ್ತಿತ್ತು. ಒಂದು ಹೆಣ್ಣಿನ ಕಡೆಯವರು ನೋಡಲು ಬಂದಾಗ, ಅವರಪ್ಪ ಏನು ಕೆಲಸ ಎಂದು ಕೇಳಿದ ತಪ್ಪಿಗೆ ಇವನು ಕಾಫಿ ಆರಿ ನೀರಾಗುವ ತನಕ ವಿವರಿಸಿದ. ಅವರು ಎದ್ದು ಕೈಮುಗಿದು ಹೋದವರು ಇನ್ನೂ ಉತ್ತರ ಹೇಳಿಲ್ಲ. ಆಮೇಲೆ ಇವನೂ ಮದುವೆಯ ಮಾತೆತ್ತಲಿಲ್ಲ, ನಮ್ಮ ಜೊತೆಯಲ್ಲೇ ಉಳಿದ.

ಹೀಗಿರುವಾಗ ನನ್ನ ಗಂಡನ ಕಿಡ್ನಿ ಎರಡೂ ಕೈಕೊಟ್ಟವು. ಹತ್ತಿರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ಹೋಗಿ ಕುರ್ಚಿಯಲ್ಲಿ ಒರಗಬೇಕು, ಯಂತ್ರ ರಕ್ತವನ್ನು ಎಳೆದು ತೊಳೆದು ವಾಪಸ್ ಬಿಡುತ್ತದೆ. ತಪ್ಪಿಸಿದರೆ ಮೈಯಲ್ಲಿ ವಿಷ ಏರುತ್ತದೆ. ಅಲ್ಲಿ ಎದುರುಬದುರಾಗಿ ಎರಡು ಕೋಣೆ, ಎರಡರಲ್ಲೂ ಅಷ್ಟಷ್ಟೇ ಯಂತ್ರ. ಯಾರು ಯಾವ ದಿನ, ಯಾವ ಪಾಳಿ, ಯಾವ ಕುರ್ಚಿ ಎಂದು ಹೊಂದಿಸುವಷ್ಟರಲ್ಲಿ ಹೆಡ್ ನರ್ಸ್‌ಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅಣ್ಣನ ಪಕ್ಕ ಕೂತು ಅದನ್ನೇ ನೋಡುತ್ತಿದ್ದ ಗುಬ್ಬಿ ಒಂದು ದಿನ, “ಸಿಸ್ಟರ್, ನಾನೊಂದು ಕೈ ನೋಡ್ಲಾ?” ಎಂದ.

ನೋಡಿಯೇ ಬಿಟ್ಟ. ಅವನ ಪ್ರೋಗ್ರಾಮು ಅವರ ಅರ್ಧ ದಿನದ ಜಗಳವನ್ನು ಒಂದು ಗುಟುಕು ಕಾಫಿಯಷ್ಟು ಹೊತ್ತಿಗೆ ಇಳಿಸಿತು. ಹೊಸ ರೋಗಿ ಬಂದರೆ ಜಾಗ ಇದೆಯೋ ಇಲ್ಲವೋ ತಕ್ಷಣ ಹೇಳುತ್ತಿತ್ತು. ಅಷ್ಟು ಬೇಗ ಹೇಗೆ ಹೇಳುತ್ತದೆ ಎನ್ನುವುದನ್ನೇ ಅವನು ಪೇಪರು ಮಾಡಿದ. ಈ ಸಲ ಅದು ವಾಪಸ್ ಬರಲಿಲ್ಲ. ಹೊರದೇಶದ ಸಮ್ಮೇಳನದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಕೆಲಸ ಕಾಯಂ ಆಯಿತು, ಕಿಟಕಿ ಇರುವ ಕೋಣೆ ಸಿಕ್ಕಿತು, ದೊಡ್ಡ ಬಡ್ತಿಗೆ ಹೆಸರು ಹೋಯಿತು. ನಮ್ಮವರು ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿಕೊಂಡೇ ಆಚೀಚೆಯವರಿಗೆ, “ನೀವು ಕೂತಿರೋ ಜಾಗ ನನ್ನ ತಮ್ಮ ಹುಡುಕಿದ್ದು ಕಣ್ರೀ,” ಎನ್ನುತ್ತಿದ್ದರು. ಸೂಜಿ ಚುಚ್ಚಿಕೊಂಡೂ ಅಷ್ಟು ಜಂಬ!

ಆಮೇಲೆ ಹಳೆಯ ಯಂತ್ರಗಳು ಒಂದೊಂದಾಗಿ ಕೆಟ್ಟವು. ಎರಡು ಕೋಣೆಯಲ್ಲೂ ಒಂದೊಂದು ಯಂತ್ರ ತೆಗೆದುಹಾಕಿದರು. ಹೊಸದು ಯಾವಾಗ ಬರುತ್ತದೋ ದೇವರೇ ಬಲ್ಲ. ಉಳಿದವುಗಳಲ್ಲೇ ಎಲ್ಲರನ್ನೂ ಹೊಂದಿಸಬೇಕಾಯಿತು. ಗುಬ್ಬಿ ಪ್ರೋಗ್ರಾಮು ಓಡಿಸಿದ. ಎಲ್ಲರಿಗೂ ಜಾಗ ಆಗುವುದಿಲ್ಲ, ಒಬ್ಬರು ಹೋಗಲೇಬೇಕು ಎಂದು ಬಂತು. ಮತ್ತೆ ಮತ್ತೆ ಓಡಿಸಿದ. ಬಂದದ್ದು ಅದೇ.

ಯಾರು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಯಾರೂ ತಲೆ ಎತ್ತಲಿಲ್ಲ. ನಮ್ಮವರು ಎದ್ದು ನಿಂತರು. “ನಾನು ಹೋಗ್ತೀನಿ. ನಾನು ಉಳಿದ್ರೆ, ತಮ್ಮ ಅಣ್ಣನಿಗೆ ಜಾಗ ಉಳಿಸಿಕೊಟ್ಟ ಅಂತಾರೆ. ಅವನ ಹೆಸರು ಕೆಡೋದು ಬೇಡ.” ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ಇಲ್ಲದಿದ್ದರೆ ಅಲ್ಲೇ ಕಿರುಚಿಬಿಡುತ್ತಿದ್ದೆ.

ಜಾಗ ಸಿಕ್ಕಿದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ. ಕತ್ತಲಿದ್ದಾಗ ಹೊರಟರೆ ಕತ್ತಲಾದ ಮೇಲೆ ಬರುವುದು. ವ್ಯಾನಿನಲ್ಲಿ ವಾಂತಿ, ಕಾಲು ಸೆಡೆತ, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಅವರ ತಲೆ. ಮಾರನೇ ದಿನವೆಲ್ಲ ಹಾಸಿಗೆ, ಅದರ ಮಾರನೇ ದಿನ ಮತ್ತೆ ವ್ಯಾನು. ಕತ್ತರಿ ಹಿಡಿಯಲು ಒಂದು ಬೆಳಗೂ ಉಳಿಯಲಿಲ್ಲ. ಒಂದು ಸೋಮವಾರ ವ್ಯಾನು ಬಂದು ಹಾರನ್ ಹೊಡೆದಾಗ ಅವರು ಗೋಡೆ ಕಡೆ ತಿರುಗಿಕೊಂಡರು.

“ಸಾಕು ಕಣೇ. ಅವನಿಗೆ ಹೋಗು ಅಂತ ಹೇಳು.”

“ಏನ್ರೀ ಮಾತಾಡ್ತಿದೀರಿ, ತಪ್ಪಿಸಿದ್ರೆ ಏನಾಗುತ್ತೆ ಗೊತ್ತಲ್ಲ!”

“ಗೊತ್ತು. ಇಲ್ಲಿ ನನಗೆ ಜಾಗ ಇಲ್ಲ, ಅಲ್ಲಿಗೆ ಹೋಗೋಕೆ ನನ್ನ ಕೈಲಾಗಲ್ಲ. ನನ್ನ ಮೇಜಿನ ಹತ್ತಿರ ಮಲಗಿಸು, ಅಷ್ಟು ಸಾಕು.”

ಡಾಕ್ಟರು ಫೋನಿನಲ್ಲಿ ಹೀಗೇ ಬಿಟ್ಟರೆ ವಾರ ಕಾಣುವುದು ಕಷ್ಟ ಎಂದರು. ನಾನು ಬೇಡಿದೆ, ಬೈದೆ, ಕಾಲು ಹಿಡಿದೆ. ಕಲ್ಲಾಗಿ ಮಲಗಿದ್ದರು. ಆಗ ನನ್ನ ಸಿಟ್ಟೆಲ್ಲ ತಿರುಗಿದ್ದು ಗುಬ್ಬಿಯ ಮೇಲೆ.

“ಚಪ್ಪಾಳೆ ಹೊಡೆಸಿಕೊಂಡ್ಯಲ್ಲ, ಈಗ ಹೊಡೆಸ್ಕೋ! ನಿನ್ನ ಸಾಕಿದ ಜೀವ ಕಣೋ ಅದು. ಒಂದು ಕುರ್ಚಿ ಹುಡುಕೋಕಾಗಲ್ವಾ ನಿನಗೆ?”

“ಅತ್ತಿಗೆ, ಇದ್ದಿದ್ರೆ ಸಿಗ್ತಿತ್ತು. ಇಲ್ಲ ಅಂತ ಸಾಬೀತಾಗಿದೆ.”

“ಸಾಬೀತಂತೆ! ನಿನ್ನ ಸಾಬೀತಿಗೆ ಬೆಂಕಿ ಹಾಕ. ಹೋಗು, ಆ ಕೋಣೆಗಳಲ್ಲಿ ಹೋಗಿ ಕೂತ್ಕೋ. ಯಾರ ಕಾಲಾದರೂ ಹಿಡಿ. ಬರಿಗೈಲಿ ಮನೆಗೆ ಬರಬೇಡ.”

ಎದ್ದು ಹೋದ. ಅವನು ಅಲ್ಲಿ ಹೇಗಿದ್ದನೆಂದು ಹೆಡ್ ನರ್ಸ್ ಆಮೇಲೆ ಹೇಳಿದರು. ಎರಡು ಕೋಣೆಯ ನಡುವಿನ ಬೆಂಚಿನಲ್ಲಿ ಕೂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಿದ್ದನಂತೆ. ಯಾರು ಮಾತಾಡಿಸಿದರೂ ಕೇಳಿಸದು. ಎರಡನೇ ದಿನ ಮಧ್ಯಾಹ್ನ ಕಾಮಾಲೆ ಸೋಂಕಿದ್ದ ರೋಗಿಯೊಬ್ಬರು ಬಂದರು. ಅವರ ರಕ್ತ ಮುಟ್ಟಿದ ಯಂತ್ರವನ್ನು ಬೇರೆಯವರಿಗೆ ಹಾಕುವಂತಿಲ್ಲ, ಅದಕ್ಕೇ ಎಡಗಡೆ ಕೋಣೆಯ ಬಾಗಿಲ ಹತ್ತಿರದ ಯಂತ್ರವನ್ನು ಅಂಥವರಿಗೆಂದೇ ಬೇರೆ ಮಾಡಿ ಬಹಳ ಕಾಲವಾಗಿತ್ತು. ಗುಬ್ಬಿಗೂ ಅದು ಗೊತ್ತು. ಆ ಷರತ್ತನ್ನು ಪ್ರೋಗ್ರಾಮಿಗೆ ಸೇರಿಸಿದವನೇ ಅವನು. ಆ ರೋಗಿ ಎಡಕ್ಕೆ ತಿರುಗಿದ್ದನ್ನು ಕಂಡು ಇವನು, “ಅಯ್ಯೋ, ಅಯ್ಯಯ್ಯೋ,” ಎಂದು ತಲೆ ಚಚ್ಚಿಕೊಂಡನಂತೆ. ಹೆಡ್ ನರ್ಸ್ ಹೆದರಿ ನೀರು ತಂದರು.

ಮನೆಗೆ ಬಂದವನು ಏದುಸಿರು ಬಿಡುತ್ತಿದ್ದ. ನಾನು ಅಡುಗೆ ಮನೆಯಲ್ಲಿ ಸುಮ್ಮನೆ ನಿಂತಿದ್ದೆ, ಒಲೆ ಹಚ್ಚಿರಲಿಲ್ಲ.

“ಅತ್ತಿಗೆ, ಜಾಗ ಇದೆ. ಮೊದಲಿಂದ ಇತ್ತು.”

“ಏನು ಹಾಗಂದ್ರೆ? ನೆಟ್ಟಗೆ ಹೇಳು.”

“ಫೋಟೋಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸ್ತೀವಿ ಅಂದ್ಕೊಳ್ಳಿ. ಎಡಗಡೆಯೋರನ್ನ ಬಲಕ್ಕೆ, ಬಲಗಡೆಯೋರನ್ನ ಎಡಕ್ಕೆ ಮಾಡಿದ್ರೆ ಅದೇ ಸಾಲು, ಕನ್ನಡಿಯಲ್ಲಿ ಕಂಡ ಹಾಗೆ. ಒಂದನ್ನ ನೋಡಿ ಆಗಲ್ಲ ಅಂದ್ಮೇಲೆ ಇನ್ನೊಂದನ್ನ ಯಾಕೆ ನೋಡ್ಬೇಕು? ಎರಡು ಕೋಣೆನೂ ಒಂದೇ ತರ ಇದ್ವಲ್ಲ, ಅದಕ್ಕೇ ಅರ್ಧ ನೋಡು, ಕನ್ನಡಿಯ ಅರ್ಧ ಬಿಡು ಅಂತ ಹೇಳಿಕೊಟ್ಟಿದ್ದೆ. ಅದಕ್ಕೇ ಅದು ಅಷ್ಟು ಬೇಗ ಹೇಳ್ತಿತ್ತು. ಚಪ್ಪಾಳೆ ಹೊಡೆದಿದ್ದೂ ಅದಕ್ಕೇ.”

“ಸರಿ, ಈಗೇನಾಯ್ತು?”

“ಆದ್ರೆ ಪೇಪರು ಬರೆಯೋಕೆ ಮುಂಚೆನೇ ಆ ಸಾಲಿನ ಎಡಗಡೆ ಒಂದು ಕಂಬ ಬಂದ ಹಾಗಾಗಿತ್ತು ಅತ್ತಿಗೆ. ಕಾಮಾಲೆಯೋರಿಗೆ ಅಂತ ಬೇರೆ ಮಾಡಿದ ಬಾಗಿಲ ಹತ್ತಿರದ ಯಂತ್ರ. ಈಗ ಎಡ ಬಲ ಒಂದೇ ಅಲ್ಲ, ಕನ್ನಡಿ ಒಡೆದುಹೋಯ್ತು. ಕಂಬದ ವಿಷಯ ಸೇರಿಸಿದೆ, ಅರ್ಧ ಬಿಡು ಅಂದಿದ್ದನ್ನ ತೆಗೆಯೋದು ಮರೆತೆ. ಅರ್ಧ ನೋಡಿ ಇಲ್ಲವೇ ಇಲ್ಲ ಅಂದ್ಬಿಟ್ಟೆ.” ಅಡುಗೆ ಕಟ್ಟೆಗೆ ಹಣೆ ಇಟ್ಟು ನಿಂತ. “ಈಗ ಪೂರ್ತಿ ನೋಡಿಸಿದೆ. ಎಲ್ಲರಿಗೂ ಜಾಗ ಇದೆ. ಅಣ್ಣನಿಗೂ ಇದೆ.”

ನನಗೆ ಅವನ ಕೆನ್ನೆಗೆ ಬಾರಿಸಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ರಟ್ಟೆ ಹಿಡಿದು ಮುಂದಿನ ಕೋಣೆಗೆ ಎಳೆದುಕೊಂಡು ಹೋದೆ.

ನಮ್ಮವರು ಮೇಜಿನ ಪಕ್ಕ ಹಾಸಿದ ಹಾಸಿಗೆಯಲ್ಲಿ ಮಲಗಿದ್ದರು. ಮುಖ ಊದಿ ಕಣ್ಣು ಗೆರೆಯಾಗಿತ್ತು. ಗುಬ್ಬಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನಕ್ಕರು. 

“ನನಗೋಸ್ಕರ ಯಾರನ್ನ ಎಬ್ಬಿಸಿದೆಯೋ ಗುಬ್ಬಿ?”

“ಯಾರನ್ನೂ ಎಬ್ಬಿಸಿಲ್ಲ ಅಣ್ಣ. ಎಲ್ಲರೂ ಇದಾರೆ. ಬೇಕಾದ್ರೆ ಒಬ್ಬೊಬ್ಬರನ್ನೇ ಹೇಳ್ತೀನಿ.”

“ಬೇಡ. ನೀನು ಇಲ್ಲ ಅಂದಿದ್ದು ಯಾವತ್ತಾದ್ರೂ ಇದೆ ಅಂತ ಆಗಿದ್ಯಾ? ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳೋಕೆ ಶುರು ಮಾಡಿದ್ಯಲ್ಲ, ಅದೇ ಬೇಜಾರು.”

ಹೆಡ್ ನರ್ಸ್‌ಗೆ ಫೋನ್ ಮಾಡಿ ಅವರ ಕಿವಿಗೆ ಹಿಡಿದೆ. ಜಾಗ ಇದೆ, ದಯವಿಟ್ಟು ಬನ್ನಿ ಎಂದು ಅವರೂ ಗೋಗರೆದರು. “ಸಿಸ್ಟರ್ ಒಳ್ಳೆಯೋರು, ಇವನು ಕೇಳಿದ್ದಕ್ಕೆ ಹಾಗಂತಿದಾರೆ,” ಎಂದು ಫೋನು ತಳ್ಳಿದರು. ಹಾಳಾದ್ದು, ಎಂಥ ನಂಬಿಕೆ ಅದು! ತಮ್ಮ ತಪ್ಪು ಮಾಡುತ್ತಾನೆ ಎನ್ನುವುದಕ್ಕಿಂತ ತಾನು ಸಾಯುವುದು ಅವರಿಗೆ ಸುಲಭವಾಗಿತ್ತು. ನಾನು ಗೋಡೆಗೆ ಒರಗಿ ಗೊಳೋ ಎಂದು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು. “ತಪ್ಪಾಗಿದೆ ಅಂತೀಯಲ್ಲ. ನಿಮ್ಮ ಯೂನಿವರ್ಸಿಟಿಯೋರಿಗೆ ಹೇಳಿದ್ಯಾ? ಆ ಪೇಪರು ಹಾಕಿದೋರಿಗೆ ಬರೆದ್ಯಾ?”

ಗುಬ್ಬಿ ಹೊದಿಕೆಯ ಅಂಚು ಸರಿ ಮಾಡತೊಡಗಿದ. ಬಡ್ತಿಯ ಇಂಟರ್‌ವ್ಯೂ ಮುಂದಿನ ವಾರವಿತ್ತು, ಅದು ನಿಂತಿದ್ದೇ ಆ ಪೇಪರಿನ ಮೇಲೆ. ಇನ್ನೂ ಹೇಳಿರಲಿಲ್ಲ.

“ನೋಡ್ದ್ಯಾ,” ಎಂದರು ನಮ್ಮವರು, ಮಗುವಿನ ಕಳ್ಳಾಟ ಹಿಡಿದವರ ಹಾಗೆ. “ನಿಜವಾಗ್ಲೂ ತಪ್ಪಾಗಿದ್ರೆ ನೀನು ಮೊದಲು ಅವರಿಗೆ ಹೇಳ್ತಿದ್ದೆ. ನಿನ್ನ ನನಗೆ ಗೊತ್ತಿಲ್ವಾ?”

ಗುಬ್ಬಿ ಜೇಬಿನಿಂದ ಫೋನು ತೆಗೆದ. ಇಲಾಖೆಯ ಮುಖ್ಯಸ್ಥರಿಗೆ ಕರೆ ಮಾಡಿ, ಸ್ಪೀಕರು ಹಾಕಿ, ಅಣ್ಣನ ದಿಂಬಿನ ಪಕ್ಕ ಇಟ್ಟ. ಪೇಪರು ತಪ್ಪು, ಅದರಲ್ಲಿ ‘ಇಲ್ಲ’ ಎಂದು ತೋರಿಸಿದ್ದು ಯಾವುದನ್ನೂ ನಂಬುವ ಹಾಗಿಲ್ಲ ಎಂದ. ಅವರು ಮೊದಲು ತಮಾಷೆ ಅಂದುಕೊಂಡರು.

“ತಲೆ ಕೆಟ್ಟಿದ್ಯೇನ್ರಿ? ಇಂಟರ್‌ವ್ಯೂ ಮುಗೀಲಿ. ಆಮೇಲೆ ಮೆಲ್ಲಗೆ ಒಂದು ತಿದ್ದುಪಡಿ ಹಾಕಿದ್ರಾಯ್ತು. ಯಾರ್ರೀ ಓದ್ತಾರೆ ಅದನ್ನ?”

“ತಿದ್ದುಪಡಿಗೆ ಆಗಲ್ಲ ಸರ್. ವಾಪಸ್ ತಗೋತೀನಿ. ಇವತ್ತೇ ಬರೀತೀನಿ.”

ಆಮೇಲೆ ಬಂದ ಬೈಗುಳ ಕೇಳಲು ನಾನೇ ನಾಚಿದೆ. ಇಲಾಖೆಯ ಮಾನ ಹರಾಜು ಹಾಕಿದಿರಿ, ಬಡ್ತಿಯನ್ನು ಮರೆತುಬಿಡಿ, ನಿಮ್ಮನ್ನು ಆ ಮೆಟ್ಟಿಲ ಕೆಳಗಿಂದ ಎತ್ತಿ ತಂದದ್ದೇ ನನ್ನ ತಪ್ಪು ಎಂದು ಒದರಿ ಫೋನು ಇಟ್ಟರು. ಗುಬ್ಬಿ ತಲೆ ತಗ್ಗಿಸಿಕೊಂಡು ನಿಂತಿದ್ದ.

ನಮ್ಮವರು ತಮ್ಮನನ್ನೇ ನೋಡುತ್ತಿದ್ದರು. ಮುಖದ ಮೇಲಿನ ನಗು ಹೋಗಿತ್ತು.

“ಬೈದ್ರಲ್ಲೋ.”

“ಹೂಂ.”

“ಹಾಗಾದ್ರೆ ನಿಜವಾಗ್ಲೂ ತಪ್ಪಾ?”

“ನಿಜವಾಗ್ಲೂ ತಪ್ಪು ಅಣ್ಣ.”

ಟವೆಲು ಎಳೆದು ಮುಖ ಮುಚ್ಚಿಕೊಂಡರು. ಅದರ ಕೆಳಗೆ ಹೆಗಲು ಅಲ್ಲಾಡುತ್ತಿತ್ತು. ಜೀವ ಉಳಿಯಿತೆಂದು ಅತ್ತರೋ, ತಮ್ಮನಿಗಾಗಿ ಅತ್ತರೋ, ಇವತ್ತಿಗೂ ನಾನು ಕೇಳಿಲ್ಲ. ಆಮೇಲೆ ಟವೆಲಿನ ಒಳಗಿಂದಲೇ, “ನನ್ನ ಶರ್ಟು ಕೊಡೇ,” ಎಂದರು.

ಆಟೋದಲ್ಲಿ ಇಬ್ಬರೂ ಸೇರಿ ಎತ್ತಿಕೊಂಡಂತೆಯೇ ಕರೆದುಕೊಂಡು ಹೋದೆವು. ಹೆಡ್ ನರ್ಸ್ ಬಾಗಿಲಲ್ಲೇ ಕಾಯುತ್ತಿದ್ದರು. ಬಲಗಡೆ ಕೋಣೆ, ಮೂಲೆಯ ಕುರ್ಚಿ. ಸೂಜಿ ಚುಚ್ಚಿದರು, ಯಂತ್ರ ತಿರುಗಿತು, ಕೊಳವೆಯಲ್ಲಿ ರಕ್ತ ಕೆಂಪಗೆ ಹರಿಯಿತು. ನಾನು ಅವರ ಕಾಲು ಹಿಡಿದುಕೊಂಡು ಕೂತೆ. ಕತ್ತಲಾಗುವಷ್ಟರಲ್ಲಿ ಕಣ್ಣು ಸ್ವಲ್ಪ ಬಿಟ್ಟು, ನೀರು ಬೇಕು ಎಂದರು. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತಿದೆ. ಎಷ್ಟು ದಿನದ ಮೇಲೋ ನನ್ನ ಹೊಟ್ಟೆಗೂ ಹಸಿವು ತಿಳಿಯಿತು.

ಗುಬ್ಬಿಗೂ ಹೇಳೋಣವೆಂದು ಹೊರಗೆ ಬಂದೆ. ಅವನು ಬೆಂಚಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎದುರಿಗೆ ಹೆಡ್ ನರ್ಸ್ ನಿಂತಿದ್ದರು.

“ನಿಮ್ಮಣ್ಣ ಕಣ್ಣು ಬಿಟ್ರು ಕಣೋ,” ಎಂದೆ.

ತಲೆಯಾಡಿಸಿದ, ಮುಖ ಎತ್ತಲಿಲ್ಲ. “ಸಿಸ್ಟರ್, ಬಾಗಿಲ ಯಂತ್ರ ಬೇರೆ ಮಾಡಿದ ಮೇಲೆ, ಅಣ್ಣನಿಗಿಂತ ಮುಂಚೆ, ಜಾಗ ಇಲ್ಲ ಅಂತ ಯಾರ್ಯಾರನ್ನ ವಾಪಸ್ ಕಳಿಸಿದ್ವಿ?”

ಹೆಡ್ ನರ್ಸ್ ಗೋಡೆಗೆ ಒರಗಿದರು. “ಆ ಡ್ರೈವರ್ ದೊಡ್ಡಾಸ್ಪತ್ರೆಗೆ ಹೋಗ್ತಿದಾರೆ, ಇದಾರೆ. ಆಮೇಲೆ ಆ ಹೆಣ್ಮಗಳು. ಕಂಕುಳಲ್ಲಿ ಮಗು ಎತ್ಕೊಂಡು ಬರ್ತಿದ್ಳಲ್ಲ ಸರ್. ಅವಳಿಗೆ ಅಷ್ಟು ದೂರ ಹೋಗಿ ಬರೋಕೆ ಆಗ್ಲಿಲ್ಲ. ತೀರ್ಕೊಂಡ್ಳು.”  

“ಅವಳು ಬಂದ ವಾರದ್ದನ್ನ ಈಗ ಪೂರ್ತಿ ನೋಡಿಸಿದೆ,” ಎಂದ ಗುಬ್ಬಿ.

“ಇತ್ತಾ?” ನಾನೇ ಕೇಳಿದೆ.

“ಇತ್ತು ಅತ್ತಿಗೆ. ಬೆಳಗಿನ ಪಾಳಿ. ನಾಲ್ಕು ಜನರನ್ನ ಅತ್ತಿತ್ತ ಮಾಡಿದ್ರೆ ಸಾಕಾಗಿತ್ತು. ಅವಳನ್ನೂ ಪೇಪರಿನಲ್ಲಿ ಸೇರಿಸಿದ್ದೆ. ಎಷ್ಟು ಬೇಗ ಇಲ್ಲ ಅಂತ ಹೇಳಿದ್ವಿ ಅಂತ ತೋರಿಸೋಕೆ.”

ನನಗೆ ಅಳು ಬರಲಿಲ್ಲ, ಭಯವಾಯಿತು. ಒಳಗೆ ಬದುಕುತ್ತಿದ್ದ ಗಂಡನ ಸಂತೋಷವನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಎರಡು ಕೋಣೆಯ ನಡುವೆ ನಿಂತೆ. ಗುಬ್ಬಿ ಲ್ಯಾಪ್‌ಟಾಪು ಮುಚ್ಚಿ ಎದ್ದ.

“ಅವಳ ಮನೆ ಎಲ್ಲಿ ಸಿಸ್ಟರ್?”

“ಯಾಕೆ ಸರ್?”

“ಹೇಳ್ಬೇಕು. ಜಾಗ ಇತ್ತು ಅಂತ.”

“ಹೇಳಿ ಏನಾಗುತ್ತೆ ಸರ್ ಈಗ? ಅವಳ ಗಂಡ ನಿಮ್ಮನ್ನ ಸುಮ್ನೆ ಬಿಡ್ತಾನಾ?”

“ಬಿಡೋದು ಬೇಡ,” ಎಂದು ಹೊರಗಿನ ಬಾಗಿಲ ಕಡೆ ನಡೆದ. 

“ನಿಲ್ಲು ಗುಬ್ಬಿ,” ಎಂದು ಓಡಿ ಹೋಗಿ ಅವನ ತೋಳು ಹಿಡಿದೆ. “ನಿಮ್ಮಣ್ಣನ ಸೂಜಿ ತೆಗೀಲಿ, ಇರು. ನಾನೂ ಬರ್ತೀನಿ.”